ಸೋಮಾರಿ ಅನಿಲದ ಸಾಣೆ

ಕಾವಲಿಯ ಮೇಲೆ ಕಾಗದದಂತಹ ದೋಸೆಯನ್ನು ಎಳೆಯಬಲ್ಲ ಬಂಧುಗಳು ನಮ್ಮ ವಾಚಕರಲ್ಲಿ ಹಲವರಿರುವರು. ತೆಳುವಾಗಿಸುವುದೂ ಒಂದು ವಿದ್ಯೆಯೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹಿಟ್ಟಿನ ಬದಲು ಕಲ್ಲಿನ ತುಣುಕೊಂದನ್ನು ಅವರ ಮುಂದಿಟ್ಟು, ಒಂದು ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿ ಅದರಲ್ಲಿ ಒಂದು ಪಾಲಿನಷ್ಟು ದಪ್ಪಕ್ಕೆ ಇದನ್ನು ಇಳಿಸಿಕೊಡಿರೆಂದು ಕೇಳಿದರೆ? ಗರಗಸ, ಸಾಣೆಕಲ್ಲು, ಉಪ್ಪುಕಾಗದ, ಇವಾವುವೂ ಅಷ್ಟು ದೂರ ಬರಲಾರವು. ಅದರ ಮೇಲೆ, ಆ ಕಲ್ಲು ಪೇಟೆಯಲ್ಲಿ ಮತ್ತೊಂದು ದೊರೆಯುವಂತಹುದಲ್ಲ, ಚಂದ್ರನಿಂದ ತಂದುದು ಎಂದರೆ ಕೈ ನಡುಗದೆ ಇದ್ದೀತೆ?

1969ರ ಜುಲೈ ತಿಂಗಳಲ್ಲಿ ಅಪೊಲೊ 11ರ ಯಾತ್ರಿಕರು ಸುಮಾರು ಇಪ್ಪತ್ತೊಂದೂವರೆ ಕಿಲೋಗ್ರಾಂ ಕಲ್ಲು ಮಣ್ಣುಗಳನ್ನು ಚಂದ್ರನಿಂದ ತಂದರು. ಮುಂದಿನ ಯಾತ್ರೆಗಳೂ ಸೇರಿ 1972ರ ಹೊತ್ತಿಗೆ ಒಟ್ಟು ಸುಮಾರು 382 ಕಿಲೋಗ್ರಾಂ ಆಯಿತು. ಅನೇಕ ದೇಶಗಳ ಪ್ರಯೋಗಶಾಲೆಗಳಿಗೆ ಇದರ ಚಿಕ್ಕ ಚಿಕ್ಕ ಪಾಲುಗಳು ಹೋದುವು. ನಮ್ಮ ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೂ 1970ರ ದಶಕದ ಮೊದಲಲ್ಲಿ ಅಂತಹ ತುಣುಕುಗಳು ಬಂದಿದ್ದುವು. ಅಲ್ಲಿ ದೇವೇಂದ್ರ ಲಾಲರೂ ಅವರ ಸಂಗಡಿಗರೂ ವಿಶ್ವಕಿರಣಗಳು ಆ ಕಲ್ಲಿನೊಳಗೆ ಬಿಟ್ಟುಹೋದ ಜಾಡುಗಳನ್ನು ಪರೀಕ್ಷಿಸಿದರು. ಅದು ಬೇರೆಯೇ ಒಂದು ಕಥೆ. ಕಲ್ಲನ್ನು ತೆಳುಗೊಳಿಸಿ ಅದರ ಒಳರಚನೆಯನ್ನು ಕಂಡವರ ಕೆಲಸವನ್ನು ಕುರಿತು ಇಲ್ಲಿ ಹೇಳುವೆವು.

ಸಾಮಾನ್ಯ ಸೂಕ್ಷ್ಮದರ್ಶಕವು ಬೆಳಕಿನಿಂದ ನೋಡುವುದು. ಬೆಳಕಿನ ಅಲೆಗಿಂತ ಬಹಳ ಚಿಕ್ಕದಾದ ವಸ್ತುವನ್ನು ಬೆಳಕು ಬಿಡಿಸಿ ತೋರಿಸಲಾರದು. ಆದುದರಿಂದ 1931ರಲ್ಲಿ ಬರ್ಲಿನ್ ನಗರದಲ್ಲಿ ಮ್ಯಾಕ್ಸ್ ನಾಲ್ ಮತ್ತು ಅರ್ನ್ಸ್ಟ್ ರಸ್ಕ ಎಂಬವರು ಬೆಳಕಿಗೆ ಬದಲು ಎಲೆಕ್ಟ್ರಾನುಗಳ ಧಾರೆಯನ್ನೂ, ಗಾಜಿನ ಮಸೂರಕ್ಕೆ ಬದಲು ಅಯಸ್ಕಾಂತದ ಸುರುಳಿಯನ್ನೂ ಬಳಸಿ ಹೊಸ ಯಂತ್ರವೊಂದನ್ನು ಕಟ್ಟಿದರು. ರಸ್ಕ ಅವರಿಗೆ ಇದಕ್ಕಾಗಿ ನೊಬೆಲ್ ಬಹುಮಾನ ದೊರೆತುದು 1986ರಲ್ಲಿ, ಐವತ್ತೈದು ವರ್ಷಗಳ ಅನಂತರ. ಈ ಯಂತ್ರದ ನೋಟ ತೀಕ್ಷ್ಣವಾದರೂ ಎಲೆಕ್ಟ್ರಾನುಗಳು ಬಲಹೀನ ಪಥಿಕರು. ದಪ್ಪವಾದ ವಸ್ತುವನ್ನು ದಾಟಿ ಆಚೆಗೆ ಬರಲಾರವು. ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿಗೆ ನ್ಯಾನೊಮೀಟರು ಎಂದು ಹೆಸರು. ನೋಡಬೇಕಾದ ಚೂರು ನೂರು ನ್ಯಾನೊಮೀಟರು ಅಥವಾ ಅದಕ್ಕೂ ತೆಳ್ಳಗಿರಬೇಕು. ತಲೆಗೂದಲೊಂದನ್ನು ಎಂಟುನೂರು ಪದರಗಳಾಗಿ ಸೀಳಿದರೆ ಒಂದು ಪದರ ಸುಮಾರು ಅಷ್ಟಾದೀತು.

ಲೋಹವಾದರೆ ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ತನ್ನು ಹಾಯಿಸಿ ಕರಗಿಸಿ ತೆಳುಗೊಳಿಸಬಹುದು. ಕಲ್ಲಿನಲ್ಲಿ ವಿದ್ಯುತ್ತು ಹರಿಯದು. ಅಲ್ಲದೆ ಕಲ್ಲೆಂಬುದು ಹಲವು ಖನಿಜಗಳ ಸಂತೆ. ಆಮ್ಲವು ಒಂದನ್ನು ತಿಂದು ಇನ್ನೊಂದನ್ನು ಬಿಡುವುದು. ಹೀಗಿರುವಲ್ಲಿ ನೆರವಿಗೆ ಬಂದುದು ಆರ್ಗಾನ್ ಎಂಬ ಅನಿಲ.

ಈ ಅನಿಲವು ಪತ್ತೆಯಾದ ಬಗೆಯನ್ನು ಲೆಕ್ಕಪತ್ರದ ಕೆಲಸದಲ್ಲಿರುವ ನಮ್ಮ ಗುಮಾಸ್ತ ಮಿತ್ರರು ವಿಶೇಷವಾಗಿ ಮೆಚ್ಚುವರೆಂದು ನಂಬಿರುವೆವು. ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ ಅವರು ಗಾಳಿಯಿಂದ ತೆಗೆದ ಸಾರಜನಕವನ್ನೂ, ರಾಸಾಯನಿಕ ವಸ್ತುಗಳಿಂದ ತಯಾರಿಸಿದ ಸಾರಜನಕವನ್ನೂ ತೂಗಿ ನೋಡಿದಾಗ ಮೊದಲನೆಯದು ನೂರಕ್ಕೆ ಅರ್ಧದಷ್ಟು ಹೆಚ್ಚು ತೂಗಿತು. ಇಷ್ಟು ಚಿಲ್ಲರೆ ವ್ಯತ್ಯಾಸವನ್ನು ಇನ್ನೊಬ್ಬರಾಗಿದ್ದರೆ ತಳ್ಳಿಹಾಕಿಬಿಡುತ್ತಿದ್ದರೇನೋ. ಅವರು ಬಿಡಲಿಲ್ಲ. ವಿಲಿಯಂ ರ‍್ಯಾಮ್ಸೆ ಅವರೊಡನೆ ಸೇರಿ ಬೆನ್ನುಹತ್ತಿ 1894ರಲ್ಲಿ ಗಾಳಿಯೊಳಗೆ ಅಡಗಿದ್ದ ಹೊಸ ಅನಿಲವನ್ನು ಹೊರಗೆಳೆದರು. ಅದು ಯಾವುದರೊಡನೆಯೂ ಸುಲಭವಾಗಿ ಕೂಡದು, ಯಾವ ಕೆಲಸವನ್ನೂ ಮಾಡದು. ಆದುದರಿಂದ ಗ್ರೀಕ್ ಭಾಷೆಯಲ್ಲಿ ‘ಸೋಮಾರಿ’ ಎಂಬರ್ಥದ ಹೆಸರನ್ನೇ ಇಟ್ಟರು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿಗಿಂತ ಸ್ವಲ್ಪ ಕಡಮೆ ಅದೇ ಇರುವುದು. ಹಿಂದೆ ನಮ್ಮ ಕೋಣೆಗಳಲ್ಲಿ ಉರಿಯುತ್ತಿದ್ದ ತಂತಿ ಬಲ್ಬಿನೊಳಗೂ ಅದನ್ನೇ ತುಂಬುತ್ತಿದ್ದರು. ಕೆತ್ತುವ ಕೆಲಸಕ್ಕೆ ಈ ಸೋಮಾರಿತನವೇ ಗುಣ. ಕಲ್ಲನ್ನು ಬಡಿಯಬೇಕು, ಆದರೆ ಕಲ್ಲಿನೊಡನೆ ಕೂಡಿ ಅದರ ಜಾತಿಯನ್ನು ಕೆಡಿಸಬಾರದು.

ಕೆಲಸ ನಡೆಯುವ ಕ್ರಮ ಹೀಗೆ. ಮೊದಲು ಕಲ್ಲಿನಿಂದ ಬಿಲ್ಲೆಯೊಂದನ್ನು ಕೊಯ್ದು, ಗಾಜಿಗೆ ಅಂಟಿಸಿ, ನುಣ್ಣನೆಯ ಪುಡಿಯಿಂದ ಉಜ್ಜುತ್ತ ಉಜ್ಜುತ್ತ ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿಗೆ ಇಳಿಸುವರು. ಬೆಳಕು ಇದರ ಮೂಲಕ ಹಾಯುವುದು. ಭೂವಿಜ್ಞಾನಿಗಳಿಗೆ ಇದು ಹಳೆಯ ವಿದ್ಯೆ. ಆದರೆ ಎಲೆಕ್ಟ್ರಾನುಗಳ ಪಾಲಿಗೆ ಇದಿನ್ನೂ ಮುನ್ನೂರು ಪಟ್ಟು ದಪ್ಪ. ಇದರಿಂದ ಮೂರು ಮಿಲಿಮೀಟರು ಅಗಲದ ಚಕ್ರವೊಂದನ್ನು ಬಿಡಿಸಿಕೊಂಡು, ಗಾಳಿಯನ್ನು ಹೀರಿ ತೆಗೆದ ಪೆಟ್ಟಿಗೆಯೊಳಗೆ ಇಡುವರು. ಪಕ್ಕದ ಬಂದೂಕಿನಂತಹ ನಳಿಗೆಯೊಳಗೆ ಆರ್ಗಾನನ್ನು ಬಹಳ ಕೊಂಚವಾಗಿ ಬಿಟ್ಟು ಕೆಲವು ಸಾವಿರ ವೋಲ್ಟುಗಳನ್ನು ಹಾಕಿದರೆ, ಅನಿಲದ ಪರಮಾಣುಗಳು ತಮ್ಮ ಎಲೆಕ್ಟ್ರಾನನ್ನು ಕಳೆದುಕೊಂಡು ಅಯಾನುಗಳಾಗಿ, ರಭಸದಿಂದ ಹೊರನುಗ್ಗಿ ಕಲ್ಲಿಗೆ ಬಡಿಯುವುವು. ಕೇರಂ ಹಲಗೆಯ ಮೇಲೆ ಸ್ಟ್ರೈಕರು ಕಾಯಿಗಳನ್ನು ಚದರಿಸುವಂತೆ, ಒಂದೊಂದು ಪೆಟ್ಟಿಗೆ ಮೇಲ್ಮೈಯ ಕೆಲವು ಪರಮಾಣುಗಳು ಎಗರಿಹೋಗುವುವು. ಇಂತಹ ಎಗರುವಿಕೆಯನ್ನು ವಿಲಿಯಂ ಗ್ರೋವ್ ಎಂಬವರು 1852ರಷ್ಟು ಹಿಂದೆಯೇ ಗಮನಿಸಿದ್ದರು. ಅದನ್ನು ತೆಳುಗೊಳಿಸುವ ಸಾಧನವಾಗಿ ತಿರುಗಿಸಲು ನೂರು ವರ್ಷ ಹಿಡಿಯಿತು.

ನೇರವಾಗಿ ಬಡಿದರೆ ಅಯಾನುಗಳು ಒಳಹೊಕ್ಕು ಕುಳಿ ತೋಡುವುವು. ಆದುದರಿಂದ ಧಾರೆಯನ್ನು ಓರೆಯಾಗಿ ಹಾಯಿಸುವರು. ಒಂದೇ ದಿಕ್ಕಿನಿಂದ ಬಡಿದರೆ ನೇಗಿಲ ಸಾಲಿನಂತೆ ಗೆರೆ ಬೀಳುವುದು. ಆದುದರಿಂದ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಿರುವರು. ಬಿಸಿಯೇರಿ ಕೆಡತಕ್ಕ ವಸ್ತುವಾದರೆ ದ್ರವರೂಪದ ಸಾರಜನಕದಿಂದ ತಣ್ಣಗಿಡುವರು. ಗಂಟೆಗಟ್ಟಲೆ, ಹಳೆಯ ಯಂತ್ರಗಳಲ್ಲಿ ಹಗಲಿರುಳು, ಇದು ನಡೆಯುವುದು. ಕಾಯುವವನ ಗಮನವೆಲ್ಲ ಒಂದೇ ಕಡೆ: ನಡುವೆ ತೂತು ಯಾವಾಗ ಬೀಳುವುದು?

ತೂತು ಬೀಳುವುದೇ ಬೇಕಾದುದು ಎಂದರೆ ವಾಚಕರು ಬೆರಗಾದಾರು. ದೋಸೆಯ ನಡುವೆ ಸೌಟು ಸ್ವಲ್ಪ ಹೆಚ್ಚಾಗಿ ಆಡಿ ತೂತು ಬಿದ್ದಾಗ ಅದರ ಅಂಚನ್ನು ನೋಡಿ. ಇಡೀ ದೋಸೆಯಲ್ಲಿ ಅಷ್ಟು ತೆಳುವಾದ ಜಾಗ ಮತ್ತೊಂದಿಲ್ಲ. ಕಲ್ಲಿನಲ್ಲಿಯೂ ಹಾಗೆಯೇ. ತೂತಿನ ಸುತ್ತಲಿನ ಆ ಕಿರಿದಾದ ಅಂಚೇ ಎಲೆಕ್ಟ್ರಾನುಗಳಿಗೆ ತೆರೆದ ಕಿಟಕಿ. ಒಂದು ಮಗ್ಗುಲಲ್ಲಿ ದೀಪವಿಟ್ಟು, ಬೆಳಕು ಆಚೆಗೆ ಇಣುಕಿದೊಡನೆ ಧಾರೆಯನ್ನು ನಿಲ್ಲಿಸಬೇಕು. ತಡವಾದರೆ ತೂತು ಹಿಗ್ಗಿ, ತೆಳುವಾದ ಅಂಚೆಲ್ಲ ಮಾಯವಾಗುವುದು. ದಿನಗಳ ದುಡಿಮೆ ಹೋಯಿತು, ಆ ತುಣುಕೂ ಹೋಯಿತು.

ಇಷ್ಟು ಪಾಡುಪಟ್ಟು ಕಂಡುದೇನು? ಅಪೊಲೊ 11ರ ಶಿಲೆಗಳ ಪೈರಾಕ್ಸೀನ್ ಎಂಬ ಖನಿಜದೊಳಗೆ ಎರಡು ಬಗೆಯ ಪದರಗಳು ಒಂದರ ಪಕ್ಕದಲ್ಲೊಂದು, ಬೆಳಕಿನ ಕಣ್ಣಿಗೆ ನಿಲುಕದಷ್ಟು ಸಣ್ಣ ಸಾಲುಗಳಾಗಿ ಕಾಣಿಸಿಕೊಂಡುವು. ಸಕ್ಕರೆಯ ಪಾಕವನ್ನು ಮೆಲ್ಲಗೆ ಆರಗೊಟ್ಟರೆ ಕಲ್ಲುಸಕ್ಕರೆಯಂತೆ ದೊಡ್ಡ ಹರಳು, ಬೇಗ ಆರಿಸಿ ಕದಡಿದರೆ ಸಣ್ಣ ಹರಳು ಆಗುವುದನ್ನು ಮಿಠಾಯಿ ಮಾಡುವವರೆಲ್ಲ ಬಲ್ಲರು. ಆ ಪದರಗಳ ಅಗಲವೂ ಅದೇ ರೀತಿ, ಕರಗಿದ ಶಿಲೆ ಎಷ್ಟು ಬೇಗ ಆರಿತೆಂಬುದಕ್ಕೆ ಸಾಕ್ಷಿ. ಕೋಟ್ಯಂತರ ವರ್ಷಗಳ ಹಿಂದೆ ಆರಿದ ಲಾವಾದ ವೇಗವನ್ನು ಹೀಗೆ ಅಳೆಯಲು ಸಾಧ್ಯವಾಯಿತು.

ಆದರೆ ಇಲ್ಲೊಂದು ತೊಡಕು ಇರುವುದು, ನಮ್ಮ ಎಣಿಕೆಯಲ್ಲಿ ಇಡೀ ವಿದ್ಯೆಯ ತಿರುಳೇ ಅದು. ಅಯಾನುಗಳ ಪೆಟ್ಟು ತಿಂದ ಮೇಲ್ಮೈಯಲ್ಲಿ ಹರಳಿನ ಕ್ರಮಬದ್ಧ ಜೋಡಣೆ ಕೆಟ್ಟು, ಕೆಲವು ನ್ಯಾನೊಮೀಟರು ದಪ್ಪದ ಗಾಜಿನಂತಹ ಪೊರೆ ಮೂಡುವುದು. ಕೊನೆಯಲ್ಲಿ ವೋಲ್ಟುಗಳನ್ನು ಐನೂರಕ್ಕೋ ಅದಕ್ಕೂ ಕೆಳಕ್ಕೋ ಇಳಿಸಿ ಮೃದುವಾಗಿ ಸವರಿದರೆ ಪೊರೆ ಬಹುಮಟ್ಟಿಗೆ ತೆಳುವಾದೀತು, ಪೂರ್ತಿ ಹೋಗದು. ಇತ್ತ 1972ರಲ್ಲಿ ಫ್ರಾನ್ಸಿನ ಸಂಶೋಧಕರು ಚಂದ್ರನ ಧೂಳಿನ ಕಣಗಳ ಮೈಮೇಲೆ ಅಂತಹದೇ ಪೊರೆಯನ್ನು ವರದಿ ಮಾಡಿದರು. ಅದನ್ನು ಮಾಡಿದವನು ಸೂರ್ಯ! ಸೂರ್ಯನಿಂದ ಹೊರಟ ಜಲಜನಕದ ಬೀಜಕಣಗಳು ಸೆಕೆಂಡಿಗೆ ಸುಮಾರು 400 ಕಿಲೋಮೀಟರು ವೇಗದಲ್ಲಿ ಸದಾ ಬೀಸುತ್ತಿರುವುವು. ಗಾಳಿಯ ಹೊದಿಕೆಯಿಲ್ಲದ ಚಂದ್ರನನ್ನು ನೇರವಾಗಿ ಬಡಿಯುವುವು. ಅವುಗಳ ಶಕ್ತಿಯನ್ನು ಲೆಕ್ಕ ಹಾಕಿದರೆ ಸುಮಾರು ಸಾವಿರ ವೋಲ್ಟಿನ ಬಂದೂಕಿಗೆ ಸಮ.

ಅಂದಮೇಲೆ ಕಾಣುವ ಪೊರೆ ಸೂರ್ಯನದೋ, ಪ್ರಯೋಗಶಾಲೆಯದೋ? ಇದನ್ನು ಬಗೆಹರಿಸಲು ಧೂಳಿನ ಕಣಗಳನ್ನು ರಾಳದಲ್ಲಿ ಹುದುಗಿಸಿ, ವಜ್ರದ ಅಲಗಿನಿಂದ ಕೊಯ್ದು ನೋಡುವ ಬೇರೆ ದಾರಿಯನ್ನು ಹಿಡಿದರು. ಅಲಗು ಕಣವನ್ನು ಸೀಳಬಹುದು, ಚೂರಾಗಿಸಬಹುದು. ಅದರ ಮೈಗೆ ಅಂತಹ ಪೊರೆಯನ್ನು ಹೊದಿಸದು. 2010ರಲ್ಲಿ ಜಪಾನಿನ ಹಯಬುಸ ನೌಕೆಯು ಇಟೊಕಾವ ಎಂಬ ಕ್ಷುದ್ರಗ್ರಹದಿಂದ ತಂದ ಧೂಳನ್ನೂ ಹೀಗೆಯೇ ಕೊಯ್ದು ಪರೀಕ್ಷಿಸಿದರು. ಈಗ ಗ್ಯಾಲಿಯಂ ಅಯಾನುಗಳ ಸೂಜಿಯಂತಹ ಧಾರೆಯಿಂದ ಬೇಕಾದ ಜಾಗವನ್ನೇ ಕೆತ್ತಿ ತೆಗೆಯುವ ಯಂತ್ರಗಳು ಬಂದಿರುವುವು. ಆದರೆ ಗ್ಯಾಲಿಯಂ ಮಾದರಿಯೊಳಗೆ ಸೇರಿಕೊಳ್ಳುವುದರಿಂದ, ಕಡೆಯ ಸವರುವಿಕೆಗೆ ಅನೇಕರು ಮತ್ತೆ ಸೋಮಾರಿ ಆರ್ಗಾನನ್ನೇ ಕರೆಯುವರು.

ತೆಳುಗೊಳಿಸಿದ ಕಲ್ಲು ಮರಳಿ ದಪ್ಪವಾಗದಷ್ಟೆ. ಇದನ್ನರಿತೇ ಅಮೆರಿಕದವರು ಚಂದ್ರಶಿಲೆಗಳ ಬಹುಭಾಗವನ್ನು ಮುಟ್ಟದೆ ಕಾಪಾಡಿಕೊಂಡು ಬಂದಿರುವರು. 1972ರ ಡಿಸೆಂಬರಿನಲ್ಲಿ ಅಪೊಲೊ 17ರವರು ಚಂದ್ರನ ಮೇಲೆಯೇ ಮೊಹರು ಮಾಡಿ ತಂದ ಮಣ್ಣಿನ ನಳಿಗೆಯೊಂದನ್ನು, ಮುಂದೆ ಒಳ್ಳೆಯ ಉಪಕರಣಗಳು ಬರಲಿ ಎಂದು ಹಾಗೆಯೇ ಇಟ್ಟಿದ್ದು 2022ರ ಮಾರ್ಚಿನಲ್ಲಿ ತೆರೆದರು. ಅದನ್ನು ಪರೀಕ್ಷಿಸಲು ಕುಳಿತವರಲ್ಲಿ, ಆ ನಳಿಗೆ ಭೂಮಿಗೆ ಬಂದಾಗ ಇನ್ನೂ ಹುಟ್ಟಿಯೇ ಇರದವರೂ ಇದ್ದರು.