ಎರಡೂ ಕೈಗೆ ಎಟುಕಬೇಕಾದ ಚೀಲ

ಗಾಯಗೊಂಡ ಸೈನಿಕನ ಹಣೆಬರಹ ಅವನ ಗಾಯಕ್ಕೆ ಮೊದಲ ಪಟ್ಟಿ ಕಟ್ಟಿದವನ ಕೈಯಲ್ಲಿರುತ್ತದೆ ಎಂದು ಬಲವಾಗಿ ನಂಬಿದ್ದವರು ಪ್ರಷ್ಯಾದ ಕೀಲ್ ನಗರದ ಶಸ್ತ್ರವೈದ್ಯ ಫ್ರೀಡ್ರಿಷ್ ಫಾನ್ ಎಸ್ಮಾರ್ಖ್. ಯುದ್ಧಭೂಮಿಯ ಮೊದಲ ಪಟ್ಟಿಯ ಕುರಿತು 1869ರಲ್ಲಿ ಅವರೊಂದು ಕಿರುಹೊತ್ತಿಗೆ ಬರೆದರು. ಶುದ್ಧವಾದ ಪಟ್ಟಿಯ ಪೊಟ್ಟಣವೊಂದು ಪ್ರತಿ ಸೈನಿಕನ ಬಳಿಯೂ ಇರಲಿ ಎಂಬುದು ಅವರ ಆಗ್ರಹವಾಗಿತ್ತು. ಆ ಮಾತನ್ನು ಸೈನ್ಯಗಳು ಒಂದೊಂದಾಗಿ ಒಪ್ಪಿಕೊಂಡವು. ಆದರೆ ಆ ಪೊಟ್ಟಣವನ್ನು ಮೈಮೇಲೆ ಎಲ್ಲಿ ಇಡಬೇಕು, ಯಾವುದರಲ್ಲಿ ಇಡಬೇಕು ಎಂಬುದು ಇತ್ಯರ್ಥವಾಗಲು ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಬ್ರಿಟಿಷರು ಇದಕ್ಕೆ ಚೀಲವನ್ನೇ ಬಳಸಲಿಲ್ಲ. 1902ರಿಂದ ಬಳಕೆಗೆ ಬಂದ ಅವರ ಖಾಕಿ ಅಂಗಿಯ ಮುಂಭಾಗದಲ್ಲಿ, ಕೆಳ ಅಂಚಿನ ಒಳಮಗ್ಗುಲಿಗೆ ಒಂದು ಪುಟ್ಟ ಜೇಬು ಹೊಲಿದಿರುತ್ತಿತ್ತು. ಪಟ್ಟಿಯ ಪೊಟ್ಟಣ ಕೂರಲೆಂದೇ ಮಾಡಿದ ಜೇಬು ಅದು. ಮೊದಲ ಮಹಾಯುದ್ಧದ ಹೊತ್ತಿನ ಆ ಪೊಟ್ಟಣವನ್ನು ಬಿಚ್ಚಿದರೆ ಒಂದಲ್ಲ, ಎರಡು ಪಟ್ಟಿ ಸಿಗುತ್ತಿದ್ದವು. ಗುಂಡು ಹೊಕ್ಕ ಕಡೆಗೊಂದು, ಹೊರಬಿದ್ದ ಕಡೆಗೊಂದು. ಜೊತೆಗೆ ಸೇಫ್ಟಿ ಪಿನ್ನುಗಳು. ಎಷ್ಟು ಯೋಚಿಸಿ ಕಟ್ಟಿದ ಪೊಟ್ಟಣ! ಎಲ್ಲರ ಅಂಗಿಯಲ್ಲೂ ಅದು ಒಂದೇ ಜಾಗದಲ್ಲಿ ಇರುತ್ತಿದ್ದುದರಿಂದ, ಬಿದ್ದವನ ಪಟ್ಟಿಗಾಗಿ ಪಕ್ಕದವನು ಹುಡುಕಾಡಬೇಕಿರಲಿಲ್ಲ. ಫಸ್ಟ್ ಫೀಲ್ಡ್ ಡ್ರೆಸಿಂಗ್ ಎಂಬ ಅದರ ಹೆಸರು ನಮ್ಮ ಸೈನ್ಯಕ್ಕೂ ಬಂದು ಉಳಿದುಕೊಂಡಿದೆ.

ಅಮೆರಿಕದವರು ಹಿಡಿದದ್ದು ಬೇರೆ ದಾರಿ. 1910ರ ಮಾದರಿಯ ಅವರ ಕ್ಯಾನ್ವಾಸ್ ಪೌಚ್ ಸೊಂಟದ ಬೆಲ್ಟಿಗೆ ತೂಗುತ್ತಿತ್ತು. ಒಳಗೆ ನೀರು, ಗಾಳಿ ನುಗ್ಗದಂತೆ ಮುಚ್ಚಿದ ಲೋಹದ ಡಬ್ಬಿ, ಡಬ್ಬಿಯಲ್ಲಿ ಪಟ್ಟಿ. ಪೌಚಿನ ಅಳತೆಯನ್ನು ನಿರ್ಧರಿಸಿದ್ದೇ ಡಬ್ಬಿಯ ಅಳತೆ. ಎರಡನೇ ಮಹಾಯುದ್ಧ ಮುಗಿದ ಮೇಲೂ ಈ ಪುಟ್ಟ ಪೌಚಿನ ಕಲ್ಪನೆ ಹೆಚ್ಚೇನೂ ಬದಲಾಗಲಿಲ್ಲ: ಒಂದು ಪೌಚು, ಒಂದು ಪಟ್ಟಿ.

ಅದು ಸಾಲದು ಎಂದು ತೋರಿಸಿಕೊಟ್ಟದ್ದು ವಿಯೆಟ್ನಾಂ. ಬೇರೆ ದೊಡ್ಡ ಗಾಯವಿಲ್ಲದಿದ್ದರೂ ಕೈಕಾಲಿನ ರಕ್ತಸ್ರಾವದಿಂದಲೇ ಅಲ್ಲಿ ಸತ್ತ ಅಮೆರಿಕನ್ ಸೈನಿಕರು ಅಂದಾಜು 2,500ಕ್ಕೂ ಹೆಚ್ಚು. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ. ಪಟ್ಟಿ ಒತ್ತಿದರೆ ಅದು ನಿಲ್ಲುವಂಥದ್ದಲ್ಲ. ಕೈಕಾಲಿಗೆ ಸುತ್ತಿ ರಕ್ತದ ಹರಿವನ್ನೇ ತಡೆಯುವ ಪಟ್ಟಿ, ಅಂದರೆ ಟೂರ್ನಿಕೆಟ್, ಬಿಗಿದರೆ ನಿಲ್ಲುತ್ತದೆ. ಆದರೆ ಬಿಗಿದರೆ ಕಾಲೇ ಹೋಗುತ್ತದೆ ಎಂಬ ಭಯ ವೈದ್ಯರಲ್ಲೇ ಬೇರೂರಿತ್ತು. ನೌಕಾಪಡೆಯ ವೈದ್ಯ ಫ್ರಾಂಕ್ ಬಟ್ಲರ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಲೇಖನ ಆ ಭಯವನ್ನು ನೇರವಾಗಿ ಪ್ರಶ್ನಿಸಿತು. ಮುಂದೆ, 2006ರಲ್ಲಿ ಬಾಗ್ದಾದಿನ ಸೇನಾ ಆಸ್ಪತ್ರೆಯಲ್ಲಿ ಕಲೆಹಾಕಿದ ಲೆಕ್ಕ ಅನುಮಾನಕ್ಕೆ ಎಡೆಯನ್ನೇ ಉಳಿಸಲಿಲ್ಲ. ರಕ್ತ ಸೋರಿ ಶಾಕ್‌ಗೆ ಜಾರುವ ಮುನ್ನ ಟೂರ್ನಿಕೆಟ್ ಬಿಗಿದವರಲ್ಲಿ ಬದುಕಿದ್ದು ಶೇ 90. ಜಾರಿದ ಮೇಲೆ ಬಿಗಿದವರಲ್ಲಿ ಶೇ 10. ಅಂದ ಮೇಲೆ ಪೌಚಿನಿಂದ ಕೈಗೆ ಬರಲು ಹಿಡಿಯುವ ಹೊತ್ತೂ ಚಿಕಿತ್ಸೆಯ ಭಾಗವೇ ಆಯಿತು.

ಇರಾಕ್ ಯುದ್ಧದ ನಡುವೆ, 2005ರ ಸುಮಾರಿಗೆ, ಅಮೆರಿಕದ ಭೂಸೇನೆ ಪ್ರತಿ ಸೈನಿಕನಿಗೂ ಹೊಸ ಕಿಟ್ ಕೊಡತೊಡಗಿತು. ಟೂರ್ನಿಕೆಟ್, ಒತ್ತುಪಟ್ಟಿ, ಗಾಜ್ ಬಟ್ಟೆ, ಉಸಿರಿನ ದಾರಿ ತೆರೆದಿಡಲು ಮೂಗಿಗೆ ತೂರಿಸುವ ನಳಿಕೆ. ಇಷ್ಟೆಲ್ಲ ಹಿಡಿಸಲು ಆರಿಸಿಕೊಂಡದ್ದು ಲಘು ಮೆಷಿನ್‌ಗನ್ನಿನ ಗುಂಡಿನ ಪಟ್ಟಿ ಇಡುವ ಪೌಚನ್ನು. ಅವಸರದ ಆಯ್ಕೆ ನಿಜ. ಆದರೆ ಆ ಹೊತ್ತಿಗೆ ಅದೇ ಸರಿ ಎಂದು ನಾನಂತೂ ಹೇಳುತ್ತೇನೆ. ಹೊಸ ವಿನ್ಯಾಸಕ್ಕೆ ಕಾಯುತ್ತ ಕೂತಿದ್ದರೆ ಟೂರ್ನಿಕೆಟ್ಟೂ ಕಾಯಬೇಕಾಗುತ್ತಿತ್ತು. ತೊಂದರೆ ಕಂಡದ್ದು ಆಮೇಲೆ. ಪಕ್ಕೆಯಲ್ಲಿ ಉಬ್ಬಿ ನಿಂತ ಪೌಚು ಗುಂಡಿನ ಮ್ಯಾಗಜೀನಿಗೆ ಬೇಕಾದ ಜಾಗವನ್ನೇ ತಿನ್ನುತ್ತಿತ್ತು. ಸುಮಾರು ಹತ್ತು ವರ್ಷದ ಬಳಿಕ ಬಂದ ಎರಡನೆಯ ಕಿಟ್ಟಿನಲ್ಲಿ ಚೀಲ ಬೆನ್ನಿನ ಕೆಳಭಾಗಕ್ಕೆ ಸರಿಯಿತು, ಟೂರ್ನಿಕೆಟ್ ಒಂದಿದ್ದದ್ದು ಎರಡಾಯಿತು. ಎಡಗೈಯಿಂದ ಎಳೆದರೂ ಬಲಗೈಯಿಂದ ಎಳೆದರೂ ಒಳಗಿನ ಸಾಮಾನು ಒಟ್ಟಿಗೇ ಹೊರಬರುವಂತೆ ಹೊಲಿದದ್ದು ಅದರ ನಿಜವಾದ ಸುಧಾರಣೆ.

ಇಂದು ಪೌಚ್ ಆರಿಸುವವರು ಮೊದಲು ನೋಡುವುದು ಇದನ್ನೇ. ಬಲಗೈಗೆ ಗುಂಡು ಬಿದ್ದರೆ ಎಡಗೈಗೆ ಸಿಗುತ್ತದೆಯೇ? ಬೋರಲು ಬಿದ್ದಾಗ ಎಟುಕುತ್ತದೆಯೇ? ಜೀಪಿನ ಸೀಟಿಗೆ ಒರಗಿ ಕೂತರೆ ಬೆನ್ನಿಗೆ ಒತ್ತುತ್ತದೆಯೇ? ಸೈನಿಕ ತೊಡುವ ಗುಂಡುನಿರೋಧಕ ಕವಚದ ಮೇಲೆ ಒಂದಂಗುಲ ಅಗಲದ ನೈಲಾನ್ ಪಟ್ಟಿಗಳು ಒಂದಂಗುಲ ಬಿಟ್ಟು ಸಾಲಾಗಿ ಹೊಲಿದಿರುತ್ತವೆ. ಚೀಲದ ಹಿಂಬದಿಯ ಪಟ್ಟಿಗಳನ್ನು ಇವುಗಳ ನಡುವೆ ಹೆಣೆದು ಬೇಕಾದಲ್ಲಿ ಕೂರಿಸಬಹುದು. ಇನ್ನು ಕೆಲವು ಪೌಚುಗಳಲ್ಲಿ ಹಿಂದಿನ ತುಂಡು ಮಾತ್ರ ಕವಚಕ್ಕೆ ಹೆಣೆದಿದ್ದು, ಚೀಲ ಅದಕ್ಕೆ ವೆಲ್ಕ್ರೊದಿಂದ ಅಂಟಿರುತ್ತದೆ. ಹಿಡಿದು ಜಗ್ಗಿದರೆ ಚೀಲಕ್ಕೆ ಚೀಲವೇ ಕಿತ್ತು ಬರುತ್ತದೆ. ಗಾಯಾಳುವಿಗೆ ಅವನದೇ ಕಿಟ್ ಬಳಸಬೇಕು ಎಂಬುದು ನಿಯಮ, ಹಾಗಾಗಿ ತುಕಡಿಯ ಎಲ್ಲರೂ ಪೌಚನ್ನು ಒಂದೇ ಕಡೆ ಕಟ್ಟಿಕೊಳ್ಳುತ್ತಾರೆ. ಹಳೆಯ ಖಾಕಿ ಅಂಗಿಯ ಒಳಜೇಬಿನ ಬುದ್ಧಿಯೂ ಇದೇ ಆಗಿತ್ತಲ್ಲ!

ಟೂರ್ನಿಕೆಟ್ಟನ್ನು ಮಾತ್ರ ಎಷ್ಟೋ ಮಂದಿ ಚೀಲದ ಹೊರಗೆ, ರಬ್ಬರ್ ಪಟ್ಟಿಯಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಥಟ್ಟನೆ ಕೈಗೆ ಬರುತ್ತದೆ ನಿಜ, ಆದರೆ ಬಿಸಿಲು, ದೂಳು ತಿಂದ ಟೂರ್ನಿಕೆಟ್ ಬಿಗಿಯುವಾಗ ಕೈಕೊಡುವ ಅಪಾಯ ಹೆಚ್ಚು. ಹೊರಗೊಂದು, ಒಳಗೊಂದು ಇಟ್ಟುಕೊಂಡರೆ ಒಳ್ಳೆಯದು.

ಚೀಲದ ಮಿತಿಯನ್ನೂ ಅಂಕಿಗಳೇ ಹೇಳುತ್ತವೆ. 2001ರಿಂದ 2011ರವರೆಗೆ ಸತ್ತ 4,596 ಅಮೆರಿಕನ್ ಸೈನಿಕರ ದಾಖಲೆಗಳನ್ನು ವೈದ್ಯರು ಪರಿಶೀಲಿಸಿದರು. ಆಸ್ಪತ್ರೆ ತಲುಪುವ ಮೊದಲೇ ಸತ್ತವರಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿ ಬದುಕುವ ಸಾಧ್ಯತೆಯಿತ್ತು, ಮತ್ತು ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸತ್ತದ್ದು ರಕ್ತಸ್ರಾವದಿಂದ. ಆ ರಕ್ತಸ್ರಾವದಲ್ಲಿ ಮೂರರಲ್ಲಿ ಎರಡು ಪಾಲು ಎದೆ, ಹೊಟ್ಟೆಯೊಳಗಿನದು. ಅದನ್ನು ಯಾವ ಪೌಚಿನ ಸಾಮಾನೂ ನಿಲ್ಲಿಸಲಾರದು. ಗಾಯಾಳುವನ್ನು ಬೇಗ ಶಸ್ತ್ರವೈದ್ಯರ ಬಳಿಗೆ ಒಯ್ಯಬೇಕು. ಸುಮಾರು ಶೇ 19 ತೊಡೆಸಂದು, ಕಂಕುಳು, ಕುತ್ತಿಗೆಯದು. ಅಲ್ಲಿ ಟೂರ್ನಿಕೆಟ್ ಕೂರುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಗಾಜ್ ಬಟ್ಟೆಯನ್ನು ಗಾಯದೊಳಕ್ಕೆ ಬೆರಳಿನಿಂದ ತುರುಕುತ್ತ ಹೋಗಿ, ಕನಿಷ್ಠ ಮೂರು ನಿಮಿಷ ಬಲವಾಗಿ ಒತ್ತಿ ಹಿಡಿಯಬೇಕು. ಹಾಗಾಗಿ ಚೀಲದಲ್ಲಿ ಟೂರ್ನಿಕೆಟ್ ಬಿಟ್ಟರೆ ಮೊದಲ ಜಾಗ ಆ ಬಟ್ಟೆಗೆ. ಅದನ್ನೂ ಸುರುಳಿ ಸುತ್ತದೆ, ಒಂದು ಕೈಯಲ್ಲಿ ಎಳೆದಷ್ಟೂ ಬಿಚ್ಚಿಕೊಳ್ಳುವಂತೆ ಮಡಿಕೆ ಮಡಿಕೆಯಾಗಿ ಮಡಿಚಿರುತ್ತಾರೆ.