ಕೋಲಕಂದ: ಒಂದು ವಿಷಕಂದದ ಕುಲವೂ ಹಸ್ತಪ್ರತಿಗಳಲ್ಲಿ ಅದರ ಹೆಸರೂ

ಜೈನ ವಾಙ್ಮಯದಲ್ಲಿ ವೈದ್ಯಕ್ಕೆ ಸಂದಿರುವ ಸ್ಥಾನವು ವಿದ್ವಾಂಸರಿಗೆ ವಿದಿತವೇ ಆಗಿದೆ. ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಾದ ಪ್ರಾಣಾವಾಯವು ಆಯುರ್ವೇದದ ಮೂಲವೆಂದು ಪರಂಪರೆ ಹೇಳುತ್ತದೆ. ಉಗ್ರಾದಿತ್ಯಾಚಾರ್ಯರ ಸಂಸ್ಕೃತ 'ಕಲ್ಯಾಣಕಾರಕ'ವೂ, ಕ್ರಿ.ಶ. 1360ರ ಸುಮಾರಿನವನಾದ ಮಂಗರಾಜನ ಕನ್ನಡ 'ಖಗೇಂದ್ರಮಣಿದರ್ಪಣ'ವೂ ಈ ಪರಂಪರೆಯ ಪ್ರಸಿದ್ಧ ಕೃತಿಗಳು. ಎರಡನೆಯದು ವಿಷಚಿಕಿತ್ಸೆಗೇ ಮೀಸಲಾದುದು. ಇವಲ್ಲದೆ ಬಸದಿಗಳಲ್ಲಿಯೂ ಮಠಗಳಲ್ಲಿಯೂ ಮನೆತನಗಳಲ್ಲಿಯೂ ಉಳಿದುಬಂದ ವೈದ್ಯದ ಓಲೆಗರಿಗಳಿವೆ. ಇಂತಹ ಗ್ರಂಥಗಳನ್ನು ಪರಿಷ್ಕರಿಸುವವರಿಗೆ ಛಂದಸ್ಸು, ವ್ಯಾಕರಣಗಳ ತೊಡಕಿಗಿಂತ ದೊಡ್ಡ ತೊಡಕು ಓಷಧಿನಾಮಗಳದು. ಅವುಗಳಲ್ಲಿಯೂ ಕಂದಗಳ ಹೆಸರುಗಳು ವಿಶೇಷವಾಗಿ ದುರ್ಗಮವಾದವು. ಕಂದವು ನೆಲದೊಳಗೆ ಅಡಗಿರುತ್ತದೆ. ಅದರ ಎಲೆ ಕೆಲವು ತಿಂಗಳು ಮಾತ್ರ ಕಾಣುತ್ತದೆ. ಒಂದೇ ಹೆಸರು ಹಲವು ಗಿಡಗಳಿಗೆ ಸಲ್ಲುತ್ತದೆ. ಕೋಲಕಂದ ಅಥವಾ ವನಪಲಾಂಡು ಎಂದು ಸಂಸ್ಕೃತದಲ್ಲಿಯೂ, ಕಾಡೀರುಳ್ಳಿ, ಅಡವಿ ಈರುಳ್ಳಿ ಎಂದು ಕನ್ನಡದಲ್ಲಿಯೂ ಹೆಸರಾದ ಗಿಡ ಇದಕ್ಕೆ ತಕ್ಕ ಉದಾಹರಣೆ.

ಸಸ್ಯದ ಸ್ವರೂಪ

ಆಧುನಿಕ ಸಸ್ಯಶಾಸ್ತ್ರದಲ್ಲಿ ಈ ಗಿಡವು ಡ್ರಿಮಿಯ ಎಂಬ ಕುಲಕ್ಕೆ ಸೇರಿದೆ. ಈ ಕುಲದಲ್ಲಿ ಸುಮಾರು ನೂರು ಜಾತಿಗಳನ್ನು ಎಣಿಸುತ್ತಾರೆ. ಆಫ್ರಿಕ ಖಂಡ, ಮೆಡಿಟರೇನಿಯನ್ ಸಮುದ್ರದ ಸುತ್ತಲ ನಾಡುಗಳು, ಭಾರತ ಇವುಗಳ ನೆಲೆ. ಮಳೆ ಕಡಮೆಯಾದ ಅಥವಾ ವರ್ಷದ ಒಂದು ಭಾಗದಲ್ಲಿ ಮಾತ್ರ ಮಳೆ ಬೀಳುವ ಒಣಭೂಮಿಯೇ ಇವುಗಳಿಗೆ ಹೆಚ್ಚಾಗಿ ಒಗ್ಗಿದ ನೆಲ. ಭಾರತದಲ್ಲಿ ಹೆಚ್ಚು ಹರಡಿರುವ ಜಾತಿ ಡ್ರಿಮಿಯ ಇಂಡಿಕ. ಕರ್ನಾಟಕದ ಒಣ ಗುಡ್ಡಗಳ ಕಲ್ಲುನೆಲದಲ್ಲಿಯೂ ಕರಾವಳಿಯ ಮರಳಿನಲ್ಲಿಯೂ ಇದು ಬೆಳೆಯುತ್ತದೆ.

ನೀರಿಲ್ಲದ ತಿಂಗಳುಗಳನ್ನು ಈ ಗಿಡ ಕಳೆಯುವುದು ನೆಲದೊಳಗಿನ ಗೆಡ್ಡೆಯ ಬಲದಿಂದ. ಈ ಗೆಡ್ಡೆ ಬೇರಲ್ಲ. ಕುಗ್ಗಿದ ಕಾಂಡದ ಸುತ್ತ ಎಲೆಗಳ ಬುಡಗಳೇ ದಪ್ಪನಾಗಿ, ಒಂದರ ಮೇಲೊಂದು ಪೊರೆಯಾಗಿ ಸೇರಿ ಆದುದು. ನೀರೂ ಆಹಾರವೂ ಅದರಲ್ಲಿ ಸಂಚಿತವಾಗಿರುತ್ತವೆ. ಬೇಸಗೆಯಲ್ಲಿ ಎಲೆಯ ಸುಳಿವೇ ಇಲ್ಲದ ನೆಲದಿಂದ ನೀಳವಾದ ಹೂದಂಡು ಮೇಲೇಳುತ್ತದೆ. ಆರು ಎಸಳು, ಆರು ಕೇಸರಗಳುಳ್ಳ ಚಿಕ್ಕ ಮಾಸಲು ಹೂಗಳು ದಂಡಿನ ಉದ್ದಕ್ಕೂ ಬಿಡಿಬಿಡಿಯಾಗಿ ಬಿಡುತ್ತವೆ. ಮೂರು ಮೂಲೆಯ ಕಾಯೊಡೆದು ಚಪ್ಪಟೆಯಾದ ಕರಿಯ ಬೀಜಗಳು ಉದುರುತ್ತವೆ. ಮಳೆಗಾಲ ಬಂದ ಮೇಲೆ ಎಲೆಗಳು ಮೂಡಿ, ಮಳೆ ನಿಂತ ಮೇಲೆ ಒಣಗಿಹೋಗುತ್ತವೆ. ಹೂವಿದ್ದಾಗ ಎಲೆಯಿಲ್ಲದಿರುವುದು, ಎಲೆಯಿದ್ದಾಗ ಹೂವಿಲ್ಲದಿರುವುದು ಗುರುತಿಸುವಿಕೆಗೆ ಬರುವ ಮೊದಲ ವಿಘ್ನ. ಹೂವನ್ನು ನೋಡಿ ವರ್ಣಿಸಿದವನೂ ಎಲೆಯನ್ನು ನೋಡಿ ವರ್ಣಿಸಿದವನೂ ಒಂದೇ ಗಿಡವನ್ನು ಎರಡೆಂದು ಬರೆಯುವುದು ಅಸಂಭವವಲ್ಲ.

ಪಾಶ್ಚಾತ್ಯ ನಾಮಗಳ ಇತಿಹಾಸ

ಹೆಸರಿನ ಗೊಂದಲವು ಓಲೆಗರಿಗಳಿಗೆ ಮಾತ್ರ ಸೇರಿದುದಲ್ಲ. ಮೆಡಿಟರೇನಿಯನ್ ತೀರದ ದೊಡ್ಡ ಗೆಡ್ಡೆಯ ಜಾತಿಯನ್ನು ಲಿನೇಯಸನು 1753ರಲ್ಲಿ ಸಿಲ್ಲ ಮ್ಯಾರಿಟಿಮ ಎಂದು ಕರೆದನು. ಭಾರತದ ಗಿಡವನ್ನು ರಾಕ್ಸ್‌ಬರೊ ಸಿಲ್ಲ ಇಂಡಿಕ ಎಂದು ವರ್ಣಿಸಿದನು. 1834ರಲ್ಲಿ ಸ್ಟೈನ್‌ಹೈಲನು ಅಲ್ಜೀರಿಯದ ಒಂದು ಅರಬ್ ಬುಡಕಟ್ಟಿನ ಹೆಸರಿನಿಂದ ಅರ್ಜೀನಿಯ ಎಂಬ ಕುಲವನ್ನು ಕಲ್ಪಿಸಿದನು. 1843ರಲ್ಲಿ ಕುಂತನು ಭಾರತದ ಗಿಡವನ್ನು ಅದಕ್ಕೆ ಸೇರಿಸಿದನು. ಡ್ರಿಮಿಯ ಎಂಬ ಕುಲನಾಮವು ಇದಕ್ಕೂ ಹಿಂದಿನದು. ಕಟು, ತೀಕ್ಷ್ಣ ಎಂಬರ್ಥದ ಗ್ರೀಕ್ ಶಬ್ದದಿಂದ ಬಂದ ಆ ಹೆಸರಿಗೆ 1977ರಲ್ಲಿ ಜೆಸಪ್‌ನು ಭಾರತದ ಗಿಡವನ್ನು ವರ್ಗಾಯಿಸಿದನು. ವಂಶವೂ ಬದಲಾಗಿದೆ, ಹಿಂದೆ ಲಿಲಿಯೇಸೀ ವಂಶದಲ್ಲಿದ್ದ ಈ ಕುಲವನ್ನು ಈಗ ಆಸ್ಪರಾಗೇಸೀ ವಂಶದಲ್ಲಿ ಇರಿಸುತ್ತಾರೆ. ಹೀಗಾಗಿ ಹಳೆಯ ಮುದ್ರಿತ ಗ್ರಂಥಗಳ ಅನುಬಂಧಗಳಲ್ಲಿ ಸಿಲ್ಲ ಇಂಡಿಕ, ಅರ್ಜೀನಿಯ ಇಂಡಿಕ, ಡ್ರಿಮಿಯ ಇಂಡಿಕ ಎಂದು ಬಂದಲ್ಲಿ ಮೂರು ಗಿಡಗಳನ್ನು ಭಾವಿಸಕೂಡದು.

ವಿಷದ ಕ್ರಿಯೆ

ಒಣನೆಲದಲ್ಲಿ ರಸಭರಿತವಾದ ಗೆಡ್ಡೆ ಇಲಿ ಮೊದಲಾದ ಪ್ರಾಣಿಗಳಿಗೆ ಸುಲಭದ ಆಹಾರವಾಗಬೇಕಿತ್ತು. ಅದನ್ನು ಕಾಯುವುದು ವಿಷ. ಗೆಡ್ಡೆಯ ರಸದಲ್ಲಿ ಸೂಜಿಯಂತಹ ಸುಣ್ಣದ ಹರಳುಗಳಿದ್ದು ಚರ್ಮಕ್ಕೆ ತಾಕಿದರೆ ತುರಿಕೆಯುಂಟಾಗುತ್ತದೆ. ಇದಕ್ಕಿಂತ ಗುರುತರವಾದುವು ಹೃದಯದ ಮೇಲೆ ಕ್ರಿಯೆ ನಡೆಸುವ ಸಿಲ್ಲರೆನ್, ಪ್ರೊಸಿಲ್ಲರಿಡಿನ್ ಮೊದಲಾದ ದ್ರವ್ಯಗಳು. ಜೀವಕೋಶಗಳು ಸೋಡಿಯಮನ್ನು ಹೊರಕ್ಕೂ ಪೊಟ್ಯಾಸಿಯಮನ್ನು ಒಳಕ್ಕೂ ಸಾಗಿಸುವ ಒಂದು ವ್ಯವಸ್ಥೆಯನ್ನು ಹೊಂದಿವೆ. ಇದನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಪ್ರಕಟಪಡಿಸಿ, ಅದಕ್ಕಾಗಿ 1997ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಕಾಡೀರುಳ್ಳಿಯ ದ್ರವ್ಯಗಳು ಈ ವ್ಯವಸ್ಥೆಯನ್ನೇ ತಡೆಯುತ್ತವೆ. ಅದರಿಂದ ಹೃದಯದ ಸ್ನಾಯುವಿನಲ್ಲಿ ಸುಣ್ಣದ ಅಂಶ ಹೆಚ್ಚಿ, ಬಡಿತ ಬಲವಾಗಿಯೂ ನಿಧಾನವಾಗಿಯೂ ಆಗುತ್ತದೆ. ಮಾತ್ರೆ ಸ್ವಲ್ಪ ಮೀರಿದರೂ ವಾಂತಿ, ಭೇದಿ, ಬಡಿತದ ಕ್ರಮಭಂಗ, ಕೊನೆಗೆ ಮರಣ ಸಂಭವಿಸಬಹುದು. ಔಷಧದ ಮಾತ್ರೆಗೂ ವಿಷದ ಮಾತ್ರೆಗೂ ನಡುವಣ ಅಂತರ ಬಹಳ ಕಿರಿದು.

ಆದರೂ ಪ್ರಾಚೀನರು ಇದನ್ನು ಬಿಡಲಿಲ್ಲ. ಮೊದಲನೆಯ ಶತಮಾನದ ಗ್ರೀಕ್ ವೈದ್ಯ ಡಯೊಸ್ಕೊರಿಡಿಸ್ ಮೆಡಿಟರೇನಿಯನ್ ಜಾತಿಯ ಗೆಡ್ಡೆಗೆ ಹಿಟ್ಟನ್ನೋ ಮಣ್ಣನ್ನೋ ಮೆತ್ತಿ ಸುಟ್ಟು ಬಳಸುವ ವಿಧಿಯನ್ನು ಹೇಳಿದ್ದಾನೆ. ಭಾರತೀಯ ವೈದ್ಯದ ಪುಟಪಾಕಕ್ಕೆ ಇದರ ಹೋಲಿಕೆ ಗಮನಾರ್ಹ. ಕಫವನ್ನು ಸಡಿಲಿಸಲು, ಮೂತ್ರವನ್ನು ಹೆಚ್ಚಿಸಲು ಅಲ್ಪಮಾತ್ರೆಯಲ್ಲಿ ಇದು ಬಳಕೆಯಲ್ಲಿತ್ತು. ಬ್ರಿಟಿಷರ ಔಷಧಸಂಹಿತೆಯು ಭಾರತದ ಗೆಡ್ಡೆಯನ್ನೂ ಯುರೋಪಿನದಕ್ಕೆ ಬದಲಾಗಿ ಅಂಗೀಕರಿಸಿತ್ತು. ಮೆಡಿಟರೇನಿಯನ್ ಜಾತಿಯ ಕೆಂಪು ಗೆಡ್ಡೆಯಿಂದ ಇಲಿಪಾಷಾಣವನ್ನು ಮಾಡುತ್ತಿದ್ದರು. ಇತರ ಪ್ರಾಣಿಗಳು ಇದನ್ನು ತಿಂದರೆ ಕಾರಿಕೊಳ್ಳುತ್ತವೆ. ಇಲಿಗೆ ವಾಂತಿ ಮಾಡುವ ಶಕ್ತಿಯಿಲ್ಲವಾದ್ದರಿಂದ ವಿಷ ಒಳಗೇ ಉಳಿದು ಕೊಲ್ಲುತ್ತದೆ.

ಆಗಮದೃಷ್ಟಿ

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ 'ಗೊಮ್ಮಟಸಾರ'ದ ಜೀವಕಾಂಡವು ಹುಟ್ಟುವ ಬಗೆಯನ್ನು ಹಿಡಿದು ವನಸ್ಪತಿಗಳನ್ನು ಮೂಲಬೀಜ, ಅಗ್ರಬೀಜ, ಪರ್ವಬೀಜ, ಕಂದಬೀಜ, ಸ್ಕಂಧಬೀಜ, ಬೀಜರುಹ, ಸಮ್ಮೂರ್ಛಿಮ ಎಂದು ವಿಭಾಗಿಸುತ್ತದೆ. ಇದಕ್ಕೆ ಕೇಶವಣ್ಣನು ಕ್ರಿ.ಶ. 1359ರಲ್ಲಿ ಕನ್ನಡ ವೃತ್ತಿಯನ್ನು ರಚಿಸಿದನು. ಆತನೂ ಮಂಗರಾಜನೂ ಒಂದೇ ಕಾಲದವರು. ಒಬ್ಬನು ವನಸ್ಪತಿಯನ್ನು ಜೀವವೆಂದು ವಿವರಿಸುತ್ತಿದ್ದ ಕಾಲದಲ್ಲಿಯೇ ಇನ್ನೊಬ್ಬನು ಸ್ಥಾವರ ಜಂಗಮ ವಿಷಗಳಿಗೆ ಪ್ರತೀಕಾರವನ್ನು ಬರೆಯುತ್ತಿದ್ದುದು ನೆನೆಯತಕ್ಕ ವಿಷಯ.

ಮೇಲಿನ ವಿಭಾಗದಲ್ಲಿ ಮೂಲವೂ ಕಂದವೂ ಬೇರೆಬೇರೆಯಾಗಿ ಎಣಿಸಲ್ಪಟ್ಟಿವೆ. ನಿಗೋದಜೀವಗಳಿಗೆ ಆಶ್ರಯವಾದ ವನಸ್ಪತಿಯ ಲಕ್ಷಣಗಳಲ್ಲಿ ಛಿನ್ನರುಹತ್ವ, ಎಂದರೆ ಕಡಿದರೂ ಮತ್ತೆ ಚಿಗುರುವಿಕೆ, ಒಂದು. ಕಾಡೀರುಳ್ಳಿಯಲ್ಲಿ ಈ ಲಕ್ಷಣ ಸ್ಪಷ್ಟ. ಗೆಡ್ಡೆಯನ್ನು ಸೀಳಿ ಪೊರೆಗಳ ತುಂಡುಗಳನ್ನು ನೆಟ್ಟರೆ ಅವುಗಳಿಂದ ಹೊಸ ಮರಿಗೆಡ್ಡೆಗಳು ಹುಟ್ಟುತ್ತವೆ. ಭಾರತದ ಜಾತಿಯಲ್ಲಿ ವರ್ಣತಂತುಗಳ ಸಂಖ್ಯೆ ಕೆಲವು ಗಿಡಗಳಲ್ಲಿ 20, ಕೆಲವುಗಳಲ್ಲಿ 30, ಕೆಲವುಗಳಲ್ಲಿ 40 ಇರುವುದು ಕಂಡುಬಂದಿದೆ. 30 ಇರುವಂಥವುಗಳಲ್ಲಿ ಬೀಜೋತ್ಪತ್ತಿ ಕುಂಠಿತವಾಗಿ, ಸಂತತಿಯು ಗೆಡ್ಡೆಯಿಂದಲೇ ಮುಂದುವರಿಯುತ್ತದೆ. ಶಾಸ್ತ್ರದ ಪ್ರಯೋಜನ ಬೇರೆ, ಪ್ರಯೋಗಶಾಲೆಯ ಪ್ರಯೋಜನ ಬೇರೆ. ಒಂದನ್ನು ಇನ್ನೊಂದರ ಸಾಕ್ಷಿಯಾಗಿ ನಿಲ್ಲಿಸುವುದು ಉಚಿತವಲ್ಲ. ಆದರೆ ಕಡಿದ ಕಂದದ ಪ್ರತಿ ತುಂಡಿನಲ್ಲಿಯೂ ಬಾಳುವ ಸಾಮರ್ಥ್ಯವನ್ನು ಪ್ರಾಚೀನರು ಲಕ್ಷಿಸಿದ್ದರೆಂಬುದರಲ್ಲಿ ಸಂಶಯವಿಲ್ಲ.

ಶ್ರಾವಕಾಚಾರದ ಪರಂಪರೆಯಲ್ಲಿ ಎಣಿಸುವ ಇಪ್ಪತ್ತೆರಡು ಅಭಕ್ಷ್ಯಗಳಲ್ಲಿ ಅನಂತಕಾಯವೂ ವಿಷವೂ ಅಜ್ಞಾತಫಲವೂ ಸೇರಿವೆ. ಕಾಡೀರುಳ್ಳಿಯು ಕಂದವಾದುದರಿಂದ ಮೊದಲನೆಯದರಲ್ಲಿಯೂ, ಪ್ರಾಣಹಾರಿಯಾದುದರಿಂದ ಎರಡನೆಯದರಲ್ಲಿಯೂ ನಿಷಿದ್ಧ. ಮೂರನೆಯ ನಿಷೇಧದ ಆಶಯವು ಗ್ರಂಥಸಂಪಾದನೆಗೂ ಅನ್ವಯಿಸುತ್ತದೆ: ಇಂತಹುದೆಂದು ಅರಿಯದ ವಸ್ತುವನ್ನು ಸ್ವೀಕರಿಸಬಾರದು.

ಹಸ್ತಪ್ರತಿಗಳಲ್ಲಿ 'ಕೋಲ' ಶಬ್ದ

ವೈದ್ಯನಿಘಂಟುಗಳು ಕೋಲಕಂದಕ್ಕೆ ಕೃಮಿಘ್ನ, ಪುಟಕಂದ ಮೊದಲಾದ ಪರ್ಯಾಯಗಳನ್ನು ಕೊಡುತ್ತವೆ. ಪುಟಕಂದವೆಂಬ ಹೆಸರು ಪೊರೆಗಳ ರಚನೆಗೆ ಚೆನ್ನಾಗಿ ಹೊಂದುತ್ತದೆ. ತೊಡಕಿರುವುದು 'ಕೋಲ' ಎಂಬುದರಲ್ಲಿ. ಸಂಸ್ಕೃತದಲ್ಲಿ ಕೋಲವೆಂದರೆ ಹಂದಿ. ಅದೇ ಅರ್ಥದ ವರಾಹಶಬ್ದದಿಂದಾದ ವಾರಾಹೀಕಂದವೆಂಬ ಬೇರೊಂದು ಓಷಧಿಯಿದೆ. ಅದು ಬಳ್ಳಿಯಾಗಿ ಹಬ್ಬುವ ಕಾಡುಗೆಣಸಿನ ಜಾತಿಯದು. ಪರ್ಯಾಯಶಬ್ದವನ್ನು ಬಳಸುವ ಉತ್ಸಾಹದಲ್ಲಿ ಟೀಕಾಕಾರನೊಬ್ಬನು ಕೋಲಕಂದಕ್ಕೆ ವಾರಾಹೀಕಂದವೆಂದು ಅರ್ಥ ಬರೆದರೆ ವಿಷದ ಸ್ಥಾನದಲ್ಲಿ ಗೆಣಸೂ, ಗೆಣಸಿನ ಸ್ಥಾನದಲ್ಲಿ ವಿಷವೂ ಬಂದು ನಿಲ್ಲುತ್ತವೆ.

ಕೋಲವೆಂಬುದಕ್ಕೆ ಎಲಚಿಯ ಹಣ್ಣು ಎಂಬರ್ಥವೂ ಇದೆ. ಅದರಿಂದಲೇ ಬಂದ ಒಂದು ತೂಕದ ಪ್ರಮಾಣವೂ ಕೋಲವೇ; ಎರಡು ಶಾಣ ಒಂದು ಕೋಲ, ಎರಡು ಕೋಲ ಒಂದು ಕರ್ಷ. ಓಲೆಗರಿಯಲ್ಲಿ ಪದಗಳ ನಡುವೆ ತೆರಪಿಲ್ಲ. ಆದಕಾರಣ 'ಕೋಲಕಂದ'ವನ್ನು ಒಂದೇ ಹೆಸರೆಂದು ಓದಬೇಕೋ, 'ಒಂದು ಕೋಲ ತೂಕದ ಕಂದ'ವೆಂದು ಬಿಡಿಸಬೇಕೋ ಎಂಬುದನ್ನು ಸಂದರ್ಭವೇ ನಿರ್ಣಯಿಸಬೇಕು. ಇದಲ್ಲದೆ ಹಳೆಯ ಕನ್ನಡ ಬರವಣಿಗೆಯಲ್ಲಿ ಒಕಾರದ ಹ್ರಸ್ವದೀರ್ಘಗಳನ್ನು ಬಹುಧಾ ಬೇರ್ಪಡಿಸಿ ತೋರಿಸುತ್ತಿರಲಿಲ್ಲ. 'ಕೊಲ' ಎಂದು ಕಂಡ ಅಕ್ಷರಗಳನ್ನು ಕನ್ನಡದ ಕೊಲ್ ಧಾತುವಿಗೆ ಹೊಂದಿಸಿ 'ಕೊಲ್ಲುವ ಕಂದ'ವೆಂದು ಅರ್ಥೈಸುವುದು ರಮ್ಯವಾಗಿ ತೋರಿದರೂ ಶಬ್ದಶಾಸ್ತ್ರಕ್ಕೆ ಸಮ್ಮತವಲ್ಲ.

ವನಪಲಾಂಡು ಎಂಬ ಹೆಸರು ಇನ್ನೊಂದು ಬಗೆಯಲ್ಲಿ ದಾರಿತಪ್ಪಿಸುತ್ತದೆ. ಕಾಡಿನಲ್ಲಿ ಬೆಳೆಯುವ ಪಲಾಂಡುವೆಂದು ವಿಗ್ರಹವಾಕ್ಯ ಮಾಡಿದೊಡನೆ ಈರುಳ್ಳಿಯ ಗುಣಗಳನ್ನೆಲ್ಲ ಇದರ ಮೇಲೆ ಆರೋಪಿಸುವ ಪ್ರಮಾದಕ್ಕೆ ಎಡೆಯಾಗುತ್ತದೆ. ಹೊರನೋಟಕ್ಕೆ ಗೆಡ್ಡೆಗಳು ಹೋಲುತ್ತವೆ, ನಿಜ. ಆದರೆ ಈರುಳ್ಳಿಯ ಎಲೆ ಕೊಳವೆಯಂತೆ ಟೊಳ್ಳು, ಕಾಡೀರುಳ್ಳಿಯದು ಚಪ್ಪಟೆ. ಈರುಳ್ಳಿಯ ಹೂಗಳು ದಂಡಿನ ತುದಿಯಲ್ಲಿ ಚೆಂಡಾಗಿ ನೆರೆಯುತ್ತವೆ, ಇದರವು ದಂಡಿನುದ್ದಕ್ಕೂ ಹರಡಿರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಗೆಡ್ಡೆಯನ್ನು ಸೀಳಿದಾಗ ಈರುಳ್ಳಿಯ ಪ್ರಸಿದ್ಧ ವಾಸನೆ ಇದಕ್ಕಿಲ್ಲ.

ಸಂಪಾದಕರ ಹೊಣೆ

ಸುಶ್ರುತಸಂಹಿತೆಯು ಸ್ಥಾವರವಿಷಗಳ ಹತ್ತು ಅಧಿಷ್ಠಾನಗಳಲ್ಲಿ ಕಂದವನ್ನು ಒಂದಾಗಿ ಎಣಿಸಿ, ಕಂದವಿಷಗಳು ಹದಿಮೂರೆಂದು ಹೇಳುತ್ತದೆ. ಒಂದೇ ವರ್ಗಕ್ಕೆ ಸೇರಿದ ಮಾತ್ರಕ್ಕೆ ಎಲ್ಲ ವಿಷಕಂದಗಳ ಕ್ರಿಯೆಯೂ ಒಂದೇ ಆಗಿರುವುದಿಲ್ಲ. ಲಾಂಗಲಿಯ ಗೆಡ್ಡೆಯ ವಿಷ ಜೀವಕೋಶಗಳ ವಿಭಜನೆಯನ್ನು ತಡೆಯುತ್ತದೆ, ಕಾಡೀರುಳ್ಳಿಯದು ಹೃದಯವನ್ನು ಹಿಡಿಯುತ್ತದೆ. ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ.

ಆದುದರಿಂದ ಇಂತಹ ಹೆಸರು ಬಂದೆಡೆ ಪ್ರತಿಯ ಪಾಠವನ್ನು ತಿದ್ದದೆ ಹಾಗೆಯೇ ಕೊಟ್ಟು, ಪಾಠಾಂತರಗಳನ್ನು ಕೆಳಗೆ ತೋರಿಸುವುದು ಮೊದಲ ಕರ್ತವ್ಯ. ಆ ದ್ರವ್ಯಕ್ಕೆ ಶೋಧನವಿಧಿಯನ್ನು ಹೇಳಿದೆಯೇ, ಮಾತ್ರೆ ಎಷ್ಟು, ಕುಡಿಯಲು ಹೇಳಿದೆಯೋ ಲೇಪಕ್ಕೋ ಎಂಬುದನ್ನು ಪರಿಶೀಲಿಸುವುದು ಎರಡನೆಯದು. ಗರಿಯ ಅಂಚಿನಲ್ಲಿರುವ ಕನ್ನಡ ಟಿಪ್ಪಣಿಗಳನ್ನು ಲಿಪಿಕಾರನ ಪ್ರದೇಶದ ಆಡುಹೆಸರುಗಳೊಡನೆ ಹೋಲಿಸುವುದು ಮೂರನೆಯದು. ಸಸ್ಯಶಾಸ್ತ್ರದ ಹೆಸರನ್ನು ಕೊನೆಯಲ್ಲಿ, ಹೂವೂ ಎಲೆಯೂ ಗೆಡ್ಡೆಯೂ ಇರುವ ಮಾದರಿಯನ್ನು ಸಸ್ಯಶಾಸ್ತ್ರಜ್ಞರಿಗೆ ತೋರಿಸಿ, ಆಧಾರವನ್ನು ಹೇಳಿಯೇ ಮುದ್ರಿಸಬೇಕು. ನಿರ್ಣಯವಾಗದಿದ್ದಲ್ಲಿ 'ಒಂದು ಬಗೆಯ ಕಂದ' ಎಂದಷ್ಟೇ ಬರೆಯುವುದು ಗ್ರಂಥಕ್ಕೆ ಕುಂದಲ್ಲ. ಹಳೆಯ ಯೋಗಗಳನ್ನು ಮುದ್ರಿತ ಪುಟದಿಂದಲೇ ಓದಿ ಪ್ರಯೋಗಿಸುವವರು ಇಂದಿಗೂ ಇರುವುದರಿಂದ, ಈ ಗೆಡ್ಡೆಯನ್ನು ಮನೆಮದ್ದಾಗಿ ಬಳಸಬಾರದೆಂಬ ಎಚ್ಚರಿಕೆಯನ್ನೂ ಅಲ್ಲಿಯೇ ಸೇರಿಸುವುದು ಯುಕ್ತ.

ಉಗ್ರಾದಿತ್ಯಾಚಾರ್ಯರು ನೃಪತುಂಗನ ಸಭೆಯಲ್ಲಿ ಮಾಂಸಭಕ್ಷಣವನ್ನು ಖಂಡಿಸಿ ವೈದ್ಯವೂ ಅಹಿಂಸೆಗೆ ಅಧೀನವೆಂಬುದನ್ನು ಸ್ಥಾಪಿಸಿದರು. ಅವರ ಪರಂಪರೆಯ ಗ್ರಂಥಗಳನ್ನು ಬೆಳಕಿಗೆ ತರುವವರು ಒಂದು ಕಂದದ ಹೆಸರನ್ನು ನಿಶ್ಚಯಿಸುವಲ್ಲಿ ತೋರುವ ಎಚ್ಚರವೂ ಆ ವ್ರತದ ಪಾಲನೆಯೇ ಆಗುತ್ತದೆ.