ಗೆದ್ದ ಎತ್ತು, ಉಳಿಯಬೇಕಾದ ತಳಿ

ಸುಗ್ಗಿ ಮುಗಿದು ಗದ್ದೆ ಬಯಲಾದ ಮೇಲೆ ಮೈಸೂರು, ಮಂಡ್ಯ ಸೀಮೆಯಲ್ಲಿ ಜೋಡೆತ್ತಿನ ಗಾಡಿ ಓಟಗಳಿಗೆ ಕಾಲ ಕೂಡಿಬರುತ್ತದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಜೊತೆ ಈ ಓಟಗಳನ್ನೂ ತಡೆದಿತ್ತು. 2017ರಲ್ಲಿ ಕರ್ನಾಟಕ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಗಾಡಿ ಓಟಕ್ಕೂ ದಾರಿ ಬಿಡಿಸಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಈ ವರ್ಷಗಳುದ್ದಕ್ಕೂ ಓಟದ ಪರವಾಗಿ ಕೇಳಿಬಂದ ದೊಡ್ಡ ಮಾತು, ಓಟ ಇದ್ದರೆ ಹಳ್ಳಿಕಾರ್‌ನಂಥ ನಾಟಿ ತಳಿ ಉಳಿಯುತ್ತದೆ ಎಂಬುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಓಟ ಎತ್ತಿನ ಬೆಲೆಯನ್ನು ಉಳಿಸಬಲ್ಲದು. ಆದರೆ ಹಳ್ಳಿಕಾರನ್ನು ಹಳ್ಳಿಕಾರ್ ಮಾಡಿದ ಗುಣವನ್ನು ಈಗಿನ ಓಟ ಅಳೆಯುವುದೇ ಇಲ್ಲ.

ಆ ಗುಣ ಯಾವುದು? ಉಳುವ ಜೋಡಿ ತನ್ನ ಮೈತೂಕದ ಹತ್ತನೇ ಒಂದು ಭಾಗದಷ್ಟು ಬಲವನ್ನು ಗಂಟೆಗಟ್ಟಲೆ ಎಳೆಯಬಲ್ಲದು. ಎರಡೂ ಸೇರಿ 700 ಕಿಲೋ ತೂಗಿದರೆ ಎಳೆತ ಸುಮಾರು 70 ಕಿಲೋ. ಸೆಕೆಂಡಿಗೆ ಒಂದು ಮೀಟರ್ ನಡಿಗೆಯಲ್ಲಿ ಅದು ಹತ್ತಿರಹತ್ತಿರ 700 ವ್ಯಾಟ್, ಅಂದರೆ ಒಂದು ಅಶ್ವಶಕ್ತಿಗೆ ತುಸು ಕಡಿಮೆ. ಕಡಿಮೆ ಅನ್ನಿಸಬಹುದು, ಆದರೆ ಇದನ್ನು ಬಿಸಿಲಲ್ಲಿ, ಒಣಹುಲ್ಲು ತಿಂದು, ದಿನವೂ ಕೊಡುವುದರಲ್ಲಿ ಹೆಚ್ಚುಗಾರಿಕೆ ಇದೆ. ಹಿಣಿಲುಳ್ಳ ನಮ್ಮ ದನಗಳ ಬೆವರುಗ್ರಂಥಿಗಳು ಯುರೋಪಿನ ದನಗಳವಕ್ಕಿಂತ ದೊಡ್ಡವು, ದಟ್ಟವಾದವು. ಮೈಯ ಕಾವು ಬೇಗ ಇಳಿಯುವುದರಿಂದ ದುಡಿಮೆ ನಿಲ್ಲುವುದಿಲ್ಲ. ಹಳ್ಳಿಕಾರ್ ರಕ್ತದ ಅಮೃತಮಹಲ್ ಎತ್ತುಗಳು ಹೈದರ್, ಟಿಪ್ಪು ಅವರ ಫಿರಂಗಿಗಳನ್ನು ಎಳೆದು ಹೆಸರಾದದ್ದೂ ದಿನಗಟ್ಟಲೆ ಸಾಗುವ ಈ ತಾಳಿಕೆಯಿಂದಲೇ.

ಓಟದ ಕಣದಲ್ಲಿ ಲೆಕ್ಕ ಬೇರೆ. ವೇಗ ಹತ್ತು ಪಟ್ಟಾದರೆ ಚಲನಶಕ್ತಿ ನೂರು ಪಟ್ಟಾಗುತ್ತದೆ. ಅದನ್ನು ಕೆಲವೇ ಕ್ಷಣಗಳಲ್ಲಿ ಕೊಡಬೇಕಾದಾಗ ಉಸಿರಿನಿಂದ ಬರುವ ಆಮ್ಲಜನಕ ಸಾಲದೆ, ಸ್ನಾಯು ತನ್ನೊಳಗಿನ ಸಕ್ಕರೆಯ ದಾಸ್ತಾನನ್ನು ಆಮ್ಲಜನಕವಿಲ್ಲದೆಯೇ ಉರಿಸುತ್ತದೆ. ಕುದುರೆಯ ಹೃದಯ ಮೈತೂಕದ ಸುಮಾರು ಶೇ. 1ರಷ್ಟು, ದನದ್ದು ಅದರ ಅರ್ಧದಷ್ಟು. ಜೊತೆಗೆ ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ನೀರು ಮೇವಿನ ದೊಡ್ಡ ಹೊರೆ ಸದಾ ಇರುತ್ತದೆ. ಎತ್ತಿಗೆ ಓಡಲು ಬಾರದು ಎಂದಲ್ಲ, ಚೆನ್ನಾಗಿಯೇ ಓಡುತ್ತದೆ. ಆದರೆ ಆ ಗಳಿಗೆಯ ಓಟಕ್ಕೂ ಸಂಜೆಯತನಕದ ದುಡಿಮೆಗೂ ಬೇಕಾದ ದೇಹಧರ್ಮ ಒಂದೇ ಅಲ್ಲ. ದುಡಿಮೆಯನ್ನು ಅಳೆಯುವ ಬಗೆಯೂ ಬೇರೆ: ಗಾಂಧೀಜಿ ಬಂದುಹೋದ ಬದನವಾಳಿನ ಖಾದಿ ಕೇಂದ್ರದಂಥ ಕಡೆ ನೂಲುವವರ ದುಡಿಮೆಯನ್ನು ಲಡಿಗಳಲ್ಲಿ ಎಣಿಸುತ್ತಾರೆ. ಚರಕ ಒಂದು ನಿಮಿಷ ಎಷ್ಟು ಜೋರಾಗಿ ತಿರುಗಿತು ಎಂದು ಯಾರೂ ಕೇಳುವುದಿಲ್ಲ.

ಇದಕ್ಕಿಂತ ಮೂಲದ ತೊಡಕೊಂದಿದೆ. ತಳಿ ಸುಧಾರಿಸಬೇಕಾದರೆ ಗೆದ್ದದ್ದು ಕರು ಹಾಕಬೇಕು, ಇಲ್ಲವೇ ಹಾಕಿಸಬೇಕು. ಬೀಜ ಒಡೆದ ಎತ್ತು ಗೆದ್ದರೆ ಅದರ ವಂಶ ಅಲ್ಲಿಗೇ ಮುಗಿಯಿತು. ಬೀಜದ ಹೋರಿಯೇ ಗೆದ್ದರೂ ಅಪಾಯವಿದೆ: ಒಂದೇ ಗುಣಕ್ಕಾಗಿ, ಕೆಲವೇ ಗಂಡುಗಳಿಂದ ಸಂತತಿ ಪಡೆಯುತ್ತ ಹೋದರೆ ರಕ್ತಸಂಬಂಧ ತೀರ ಹತ್ತಿರವಾಗುತ್ತದೆ. ಇಂಗ್ಲೆಂಡಿನ ಥರೋಬ್ರೆಡ್ ರೇಸುಕುದುರೆಗಳ ಗಂಡುವಂಶವೆಲ್ಲ ಮೂರೇ ಕುದುರೆಗಳಿಗೆ ಹೋಗಿ ಸೇರುತ್ತದೆ.

ಟ್ರ್ಯಾಕ್ಟರ್ ಬಂದ ಮೇಲೆ ಓಟವೂ ಇಲ್ಲದಿದ್ದರೆ ಗಂಡುಕರುವನ್ನು ಸಾಕುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ನ್ಯಾಯವಾದ ಪ್ರಶ್ನೆ. ಟಿ. ನರಸೀಪುರ ತಾಲ್ಲೂಕಿನ ಮುಡುಕುತೊರೆ ಜಾತ್ರೆಯ ದನದ ಪರಿಷೆಯಲ್ಲಿ ಹಲ್ಲು ನೋಡಿ, ಸುಳಿ ನೋಡಿ ಬೆಲೆ ಕಟ್ಟುವವರಿಗೆ ಗೆಲ್ಲುವ ಜೋಡಿಯ ಆಸೆ ಇಲ್ಲವಾದರೆ ಕಟ್ಟುವ ಬೆಲೆಯೂ ಕುಗ್ಗೀತು. ಹಾಗಾಗಿ ಓಟ ನಿಲ್ಲಲಿ ಎಂದು ನಾನು ಹೇಳಲಾರೆ. ಅಳತೆ ಬದಲಾಗಲಿ ಎನ್ನುತ್ತೇನೆ. ಕುದುರೆಗಳ ದೂರದ ಓಟದಲ್ಲಿ ಇದಕ್ಕೆ ಮಾದರಿ ಇದೆ: ಪ್ರತಿ ಹಂತದ ಕೊನೆಗೆ ಪಶುವೈದ್ಯರು ನಾಡಿ ಹಿಡಿಯುತ್ತಾರೆ, ಗೊತ್ತಾದ ಸಮಯದೊಳಗೆ ಬಡಿತ ನಿಮಿಷಕ್ಕೆ 64ಕ್ಕೆ ಇಳಿಯದಿದ್ದರೆ ಕುದುರೆ ಹೊರಕ್ಕೆ. ಎತ್ತಿಗೆ ಅದರದೇ ಮಿತಿ ಗೊತ್ತುಮಾಡಿ, ಹೊರೆ ಹೇರಿದ ಗಾಡಿಯನ್ನು ಕೆಲವು ಮೈಲಿ ಎಳೆಸಿ, ದಣಿವು ಎಷ್ಟು ಬೇಗ ಆರಿತು ಎಂದು ನೋಡಿದರೆ ಗೆಲುವು ತಾಳಿಕೆಗೆ ಸಿಗುತ್ತದೆ. ಬಾರುಕೋಲಿನಿಂದ ನಾಡಿಯನ್ನು ಇಳಿಸಲು ಆಗದು. ಇಂಥ ಸ್ಪರ್ಧೆಗೆ ಜನ ಸೇರುವುದಿಲ್ಲ ಎನ್ನುವವರು ಕಲ್ಲು ಎಳೆಯುವ ಪಂದ್ಯಗಳಿಗೆ ಸೇರುವ ಜನರನ್ನು ನೆನೆಯಬೇಕು. ಅಲ್ಲಿಯೂ ವೇಗಕ್ಕಿಂತ ಎಳೆತಕ್ಕೇ ಬೆಲೆ. ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ಈಗ ದನಗಳ ಕಿವಿಗೆ ಹನ್ನೆರಡು ಅಂಕಿಯ ಓಲೆ ಹಾಕುತ್ತಾರೆ. ಕಣಕ್ಕಿಳಿಯುವ ಪ್ರತಿ ಎತ್ತಿನ ಹೆಸರು ಬರೆಯುವಾಗ ಅದರ ಎದುರು ಹೆತ್ತ ಹಸುವಿನ ಓಲೆಯ ಸಂಖ್ಯೆಯನ್ನೂ ಬರೆದಿಟ್ಟರೆ, ಮುಂದಿನ ಬೀಜದ ಹೋರಿಯನ್ನು ಯಾರ ಕೊಟ್ಟಿಗೆಯಲ್ಲಿ ಹುಡುಕಬೇಕೆಂದು ಗೊತ್ತಾಗುತ್ತದೆ.